ಹೆಡ್ ಕೋಚ್ ಹುದ್ದೆ ನಮ್ಮ ಕಾಲೇಜುಗಳಲ್ಲಿಲ್ಲ, ಆದರೆ ಆ ಕೆಲಸ ಇದೆ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನವಳು. ಚಿಕ್ಕಮಗಳೂರಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಮೂರು ವರ್ಷದಿಂದ ಕಾಲೇಜು ವಾಲಿಬಾಲ್ ತಂಡದ ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ನಾನೇ. ನನ್ನ ಎತ್ತರ ಐದಡಿ ಎರಡಿಂಚು, ಹಾಗಾಗಿ ದೊಡ್ಡ ಮಟ್ಟದಲ್ಲಿ ಆಡುವ ಆಸೆ ಇಟ್ಟುಕೊಂಡಿಲ್ಲ. ಅಮೆರಿಕದ ಕಾಲೇಜು ಹುಡುಗಿಯರ ಪಂದ್ಯಗಳನ್ನು ಮೊಬೈಲಿನಲ್ಲಿ ನೋಡುತ್ತಿರುತ್ತೇನೆ. ಅಲ್ಲಿನ ಹೆಡ್ ಕೋಚ್‌ಗಳನ್ನು ನೋಡಿದಾಗ ನಾನೂ ಹಾಗೇ ಆಗಬೇಕು ಅನಿಸುತ್ತದೆ. ಅದಕ್ಕೆ ಏನು ಓದಬೇಕು? ನ್ಯಾಷನಲ್ ಆಡದವರು ಕೋಚ್ ಆಗಬಹುದೇ? ಹೆಣ್ಣುಮಗಳು ಇದನ್ನೇ ನಂಬಿ ಜೀವನ ಮಾಡಲಾಗುತ್ತದೆಯೇ ಎಂದು ಅಪ್ಪ ಕೇಳುತ್ತಿದ್ದಾರೆ.

ಉತ್ತರ: ನೀನು ನನ್ನ ಶಿಷ್ಯೆಯರ ವಯಸ್ಸಿನವಳು, ಹಾಗಾಗಿ ನೀನು ಎಂದೇ ಬರೆಯುತ್ತೇನೆ ಕಣಮ್ಮಾ. ಹಾಸನದ ಒಂದು ಕಾಲೇಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದು ನಿವೃತ್ತಳಾದವಳು ನಾನು. ಅಷ್ಟೂ ವರ್ಷ ಸಂಜೆ ನಾಲ್ಕರ ನಂತರ ನಾನು ಮಾಡಿದ್ದು ವಾಲಿಬಾಲ್ ಕೋಚ್ ಕೆಲಸವನ್ನೇ. ನನ್ನ ನೇಮಕಾತಿ ಪತ್ರದಲ್ಲಿ ಮಾತ್ರ ಆ ಹೆಸರು ಎಲ್ಲೂ ಇರಲಿಲ್ಲ.

ಮೊದಲು ತಿಳಿಯಬೇಕಾದದ್ದು ಅದೇ. ನೀನು ಮೊಬೈಲಿನಲ್ಲಿ ನೋಡುವ ವ್ಯವಸ್ಥೆಯಲ್ಲಿ ಹೆಡ್ ಕೋಚ್ ಎಂದರೆ ಒಂದೇ ಆಟ, ಒಂದೇ ತಂಡ, ಪೂರ್ಣಾವಧಿ ಕೆಲಸ. ಕೈಕೆಳಗೆ ಸಹಾಯಕ ಕೋಚ್‌ಗಳು ಇರುತ್ತಾರೆ, ವಿಡಿಯೊ ನೋಡಿ ಲೆಕ್ಕ ಬರೆಯುವವರು ಇರುತ್ತಾರೆ, ಫಿಸಿಯೊ ಇರುತ್ತಾರೆ. ಶಿಕ್ಷಣದಲ್ಲಿ ಗಂಡು ಹೆಣ್ಣೆಂಬ ಭೇದ ಕೂಡದು ಎಂದು 1972ರಲ್ಲಿ ಅಲ್ಲಿ ಟೈಟಲ್ ನೈನ್ ಕಾನೂನು ಬಂತು. ಅಲ್ಲಿಂದ ಹುಡುಗಿಯರ ಕಾಲೇಜು ಕ್ರೀಡೆಗೆ ಹಣ ಹರಿಯತೊಡಗಿತು, ಅದರ ಜೊತೆಗೇ ಕೋಚ್ ಎಂಬ ವೃತ್ತಿಯೂ ಬೆಳೆಯಿತು. 2023ರ ಆಗಸ್ಟ್‌ನಲ್ಲಿ ನೆಬ್ರಾಸ್ಕದ ಫುಟ್‌ಬಾಲ್ ಕ್ರೀಡಾಂಗಣದ ನಡುವೆ ಅಂಕಣ ಹಾಕಿ ಆಡಿಸಿದ ಕಾಲೇಜು ಹುಡುಗಿಯರ ವಾಲಿಬಾಲ್ ನೋಡಲು 92,003 ಜನ ಸೇರಿದ್ದರು. ಬಹುಶಃ ನೀನು ನೋಡಿರುವ ವಿಡಿಯೊಗಳಲ್ಲಿ ಅದೂ ಇದ್ದೀತು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಸ್ ರೋಸ್ ಎಂಬ ಕೋಚ್ 1979ರಿಂದ 2021ರವರೆಗೆ ಒಂದೇ ಬೆಂಚಿನಲ್ಲಿ ಕುಳಿತು ಏಳು ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು.

ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದ ಪದವಿ ಕಾಲೇಜಿನಲ್ಲಿ ವಾಲಿಬಾಲ್ ಕೋಚ್ ಎಂಬ ಕಾಯಂ ಹುದ್ದೆ ಹುಡುಕಿದರೆ ಸಿಗುವುದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಕಬಡ್ಡಿ, ಖೊಖೊ, ಅಥ್ಲೆಟಿಕ್ಸ್, ಚೆಸ್, ಯೋಗ ಎಲ್ಲವೂ ಅವರದೇ. ಗಣರಾಜ್ಯೋತ್ಸವದ ಪಥಸಂಚಲನ, ಪರೀಕ್ಷಾ ಕೆಲಸ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಫೈಲುಗಳೂ ಅವರ ತಲೆಯ ಮೇಲೆಯೇ. ಇದನ್ನೆಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ಒಂದು ಆಟವನ್ನು ಎದೆಗೆ ಹಚ್ಚಿಕೊಂಡವರು ಆ ಆಟದ ಕೋಚ್ ಆಗುತ್ತಾರೆ. ಇದನ್ನು ಕೇಳಿ ಮಂಕಾಗಬೇಡ. ವಾಲಿಬಾಲನ್ನು ಕಟ್ಟಿದ ವಿಲಿಯಂ ಮಾರ್ಗನ್ 1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನ ವೈ.ಎಂ.ಸಿ.ಎ.ಯಲ್ಲಿ ಮಾಡುತ್ತಿದ್ದದ್ದು ಇದೇ ಕೆಲಸ, ದೈಹಿಕ ಶಿಕ್ಷಣ ನಿರ್ದೇಶಕನ ಕೆಲಸ. ಬ್ಯಾಸ್ಕೆಟ್‌ಬಾಲ್ ಆಡಿ ಏದುಸಿರು ಬಿಡುತ್ತಿದ್ದ ನಡುವಯಸ್ಸಿನ ಸದಸ್ಯರಿಗೆ ಒಂದು ಹಗುರವಾದ ಆಟ ಬೇಕಿತ್ತು, ಕಟ್ಟಿಕೊಟ್ಟ. ಇನ್ನೊಬ್ಬರ ಕಥೆ ನನಗೆ ಇದಕ್ಕಿಂತ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಯು.ಸಿ.ಎಲ್.ಎ. ಪುರುಷರ ತಂಡವನ್ನು 19 ಸಲ ರಾಷ್ಟ್ರೀಯ ಚಾಂಪಿಯನ್ ಮಾಡಿದ ಅಲ್ ಸ್ಕೇಟ್ಸ್ ಬಹುಕಾಲ ಹಗಲು ಹೊತ್ತು ಶಾಲಾ ಮೇಷ್ಟ್ರಾಗಿದ್ದುಕೊಂಡೇ ಆ ತಂಡ ಕಟ್ಟಿದವರು.

ಹಾಗಾಗಿ ನಿನ್ನ ಮುಂದೆ ಎರಡು ಹಾದಿ ಇವೆ, ಒಂದು ಹುದ್ದೆಯದು, ಇನ್ನೊಂದು ಕಸುಬಿನದು. ಎರಡನ್ನೂ ಒಟ್ಟೊಟ್ಟಿಗೇ ನಡೆಯಬೇಕು. ಬರೀ ಹುದ್ದೆಯ ಹಾದಿ ಹಿಡಿದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದರಲ್ಲೇ ಉಳಿದುಬಿಟ್ಟದ್ದನ್ನು ಕಂಡಿದ್ದೇನೆ. ಬರೀ ಕಸುಬನ್ನು ನಂಬಿಕೊಂಡ ಒಳ್ಳೊಳ್ಳೆಯ ಹುಡುಗರು ನಲವತ್ತು ದಾಟಿದ ಮೇಲೂ ಗೌರವಧನಕ್ಕೆ ಅಲೆಯುತ್ತಿರುವುದನ್ನೂ ಕಂಡಿದ್ದೇನೆ.

ಹುದ್ದೆಯ ಹಾದಿಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನೇರವಾಗಿದೆ. ಪದವಿಯ ನಂತರ ದೈಹಿಕ ಶಿಕ್ಷಣದ ಎರಡು ವರ್ಷದ ಬಿ.ಪಿ.ಎಡ್., ಅದರ ಮೇಲೆ ಅದೇ ವಿಷಯದ ಸ್ನಾತಕೋತ್ತರ ಪದವಿಯಾದ ಎರಡು ವರ್ಷದ ಎಂ.ಪಿ.ಎಡ್. ನಿನಗೆ ಹತ್ತಿರವೆಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇಲ್ಲವೇ ಮೈಸೂರು. ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ. ಆದರೆ ಅಂತರ ಕಾಲೇಜು ಮಟ್ಟದಲ್ಲಿ ಆಡಿದ ಪ್ರಮಾಣಪತ್ರ ಬೇಕಾಗುತ್ತದೆ, ಈ ಮೂರು ವರ್ಷದ್ದನ್ನೂ ಈಗಲೇ ಕಾಲೇಜಿನಿಂದ ಬರೆಸಿಕೊಂಡು ಜೋಪಾನ ಮಾಡು. ಕಾಲೇಜು ಬಿಟ್ಟು ಹತ್ತು ವರ್ಷದ ಮೇಲೆ ಬಂದು "ಮೇಡಂ, ಒಂದು ಸರ್ಟಿಫಿಕೇಟ್" ಎಂದು ನಿಂತ ಹುಡುಗಿಯರಿಗೆ ಹಳೆಯ ಕಡತ ಸಿಗದೆ ನಾನು ಪೇಚಾಡಿದ್ದೇನೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯು.ಜಿ.ಸಿ.ಯ 2018ರ ನಿಯಮದಂತೆ ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 5ರ ರಿಯಾಯಿತಿ ಇದೆ. ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿರಬೇಕು, ಕ್ರೀಡೆಯಲ್ಲಿ ಭಾಗವಹಿಸಿದ ದಾಖಲೆ ಬೇಕು. ಇವುಗಳ ಜೊತೆ ದೈಹಿಕ ಸಾಮರ್ಥ್ಯ ಪರೀಕ್ಷೆಯೂ ಇದೆ: 30 ವರ್ಷದೊಳಗಿನ ಹೆಣ್ಣುಮಕ್ಕಳು 8 ನಿಮಿಷದಲ್ಲಿ 1,000 ಮೀಟರ್ ಓಡಬೇಕು ಅಥವಾ ನಡೆಯಬೇಕು. ನಿನಗೆ ಅದು ಏನೂ ಅಲ್ಲ. ಕಷ್ಟವಿರುವುದು ಸೆಟ್ ಪರೀಕ್ಷೆಯಲ್ಲಿ. ಆಟಗಾರ್ತಿಯರು ಅಲ್ಲೇ ಎಡವುತ್ತಾರೆ. ಶರೀರ ಶಾಸ್ತ್ರ, ಚಲನ ಶಾಸ್ತ್ರ, ಮನಃಶಾಸ್ತ್ರ, ಅಂಕಿಅಂಶ ಎಲ್ಲ ಇರುತ್ತದೆ, ಎಂ.ಪಿ.ಎಡ್. ಮೊದಲ ವರ್ಷದಿಂದಲೇ ಓದಲು ಕೂತರೆ ಮಾತ್ರ ಕೈಗೆ ಹತ್ತುತ್ತದೆ.

ಸಂಬಳದ ಮಾತು. ಯು.ಜಿ.ಸಿ. ವೇತನಶ್ರೇಣಿಯ ಕಾಯಂ ಹುದ್ದೆಗೆ ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ 57,700 ರೂಪಾಯಿ, ಅಂದರೆ ಸಹಾಯಕ ಪ್ರಾಧ್ಯಾಪಕರಿಗೆ ಇರುವಷ್ಟೇ. ಆದರೆ ನೇಮಕಾತಿ ವರ್ಷಗಟ್ಟಲೆ ನಡೆಯದೆ ಇರುವುದುಂಟು. ಆ ನಡುವೆ ಅತಿಥಿಯಾಗಿ ಅಥವಾ ಖಾಸಗಿ ಕಾಲೇಜಿನಲ್ಲಿ ದುಡಿಯಬೇಕಾಗುತ್ತದೆ, ಅಲ್ಲಿ ಕೈಗೆ ಬರುವುದು ಬಹಳ ಕಡಿಮೆ. ಅಪ್ಪನಿಗೆ ಇದನ್ನು ಮುಚ್ಚಿಡಬೇಡ.

ಈಗ ಕಸುಬಿಗೆ ಬರೋಣ. ಕೋಚಿಂಗನ್ನೇ ಪಾಠವಾಗಿ ಕಲಿಸುವ ಜಾಗವೆಂದರೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ನಾವೆಲ್ಲ ಎನ್.ಐ.ಎಸ್. ಎನ್ನುವುದು ಅದನ್ನೇ. 1961ರಲ್ಲಿ ಆರಂಭವಾದದ್ದು. ಅಲ್ಲಿಯ ಒಂದು ವರ್ಷದ ಡಿಪ್ಲೊಮಾಗೆ ಈ ದೇಶದಲ್ಲಿ ಇವತ್ತಿಗೂ ತೂಕವಿದೆ. ಭಾರತೀಯ ಕ್ರೀಡಾ ಪ್ರಾಧಿಕಾರವಿರಲಿ, ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇರಲಿ, ಕೋಚ್ ಬೇಕೆಂದಾಗ ಮೊದಲು ಕೇಳುವುದು ಅದನ್ನೇ. ದಕ್ಷಿಣದವರಿಗೆ ಬೆಂಗಳೂರಿನಲ್ಲಿ ಅದರ ಕೇಂದ್ರವಿದೆ. ಯಾವ ವರ್ಷ ಯಾವ ಆಟದ ತರಗತಿ ಎಲ್ಲಿ ಎಂಬುದು ಅವರ ಪ್ರಕಟಣೆಯಲ್ಲೇ ಇರುತ್ತದೆ. ಒಂದು ವರ್ಷ ಬಿಡುವು ಮಾಡಿಕೊಳ್ಳಲಾಗದವರಿಗೆ ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ನಾನು ಮೊದಲು ಮಾಡಿದ್ದು ಅದನ್ನೇ, ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ, ಬೇಸಿಗೆ ರಜೆಯಲ್ಲಿ. ಅಂತರರಾಷ್ಟ್ರೀಯ ವಾಲಿಬಾಲ್ ಸಂಸ್ಥೆಯ ಲೆವೆಲ್ ಒಂದು, ಎರಡು, ಮೂರು ಎಂಬ ಕೋಚ್ ತರಬೇತಿಗಳೂ ಇವೆ, ಚೆನ್ನೈನಲ್ಲಿ ಆ ಸಂಸ್ಥೆಯ ಅಭಿವೃದ್ಧಿ ಕೇಂದ್ರವಿದೆ. ಅವು ಮುಂದಿನ ಮಾತು.

ನ್ಯಾಷನಲ್ ಆಡದವರು ಕೋಚ್ ಆಗಬಹುದೇ ಎಂದೆ. ನಾನೂ ಆಡಿದವಳಲ್ಲ. ವಿಶ್ವವಿದ್ಯಾಲಯ ತಂಡದಲ್ಲಿ ಎರಡು ವರ್ಷ ಇದ್ದೆ, ಅದರಲ್ಲಿ ಒಂದು ವರ್ಷ ಪೂರ್ತಿ ಬೆಂಚಿನ ಮೇಲೆ. ಆ ಬೆಂಚಿನ ಮೇಲೆ ಕಲಿತದ್ದೇ ಆಮೇಲೆ ನನ್ನನ್ನು ಸಾಕಿತು. ಅಂಕಣದೊಳಗೆ ಇದ್ದವಳಿಗೆ ಚೆಂಡು ಕಾಣುತ್ತದೆ, ಹೊರಗೆ ಕೂತವಳಿಗೆ ಆರೂ ಜನ ಕಾಣುತ್ತಾರೆ. ಅದರ ಮೇಲೆ ನೀನು ಲಿಫ್ಟರ್. ಪ್ರತಿ ಚೆಂಡು ಎದ್ದಾಗಲೂ ಯಾರ ಕೈ ಬಿಸಿಯಾಗಿದೆ, ನೆಟ್ಟಿನ ಬಳಿ ಕೈ ಎತ್ತಿ ತಡೆಯುವ ಎದುರಿನ ಬ್ಲಾಕ್ ಎಲ್ಲಿ ನಿಂತಿದೆ, ನಮ್ಮವಳ ಮನಸ್ಸು ಎಲ್ಲಿದೆ ಎಂದು ಕ್ಷಣದಲ್ಲಿ ಲೆಕ್ಕ ಹಾಕುವುದು ನಿನ್ನ ಕೆಲಸವೇ. ಕೋಚ್ ಮಾಡುವುದೂ ಅದನ್ನೇ. ಮಹಿಳೆಯರ ನೆಟ್ 2.24 ಮೀಟರ್ ಎತ್ತರಕ್ಕಿರುತ್ತದೆ, ಐದಡಿ ಎರಡಿಂಚಿನವಳಿಗೆ ಬ್ಲಾಕ್‌ನಲ್ಲಿ ಅದು ಕಷ್ಟವೇ. ಬೆಂಚಿನ ಮೇಲೆ ಕುಳಿತು ಆಟ ಓದಲು ಎತ್ತರ ಬೇಕಿಲ್ಲ.

ಆಟವನ್ನು ಓದುವುದು ಎಂದರೇನು ಎಂದು ಒಂದು ಉದಾಹರಣೆಯಿಂದ ಹೇಳುತ್ತೇನೆ, ಏಕೆಂದರೆ ಈ ಇಡೀ ಪತ್ರದಲ್ಲಿ ನಿನಗೆ ನಾನು ದಾಟಿಸಬೇಕೆಂದಿರುವುದು ಇದನ್ನೇ.

ಒಂದು ಕಾಲದಲ್ಲಿ ನಮ್ಮ ತಂಡ ಸತತ ಮೂರು ವರ್ಷ ಅಂತರ ಕಾಲೇಜು ಸೆಮಿಫೈನಲ್‌ನಲ್ಲಿ ಸೋತಿತು. ನನಗೆ ಕಾಣುತ್ತಿದ್ದ ಕಾರಣ ಒಂದೇ: ನಮ್ಮಲ್ಲಿ ಒಳ್ಳೆಯ ಅಟ್ಯಾಕರ್ ಇಲ್ಲ. ಹಾಗಾಗಿ ಪ್ರಾಕ್ಟೀಸಿನ ಅರ್ಧ ಹೊತ್ತು ಸ್ಮ್ಯಾಶ್ ಹೊಡೆಸುತ್ತಿದ್ದೆ. ಮೂರನೇ ಸೋಲಿನ ನಂತರ ಬಸ್ಸಿನಲ್ಲಿ ಕೂತು ಸ್ಕೋರ್‌ಷೀಟಿನ ನಕಲು ನೋಡುತ್ತಿದ್ದೆ. ನಾಲ್ಕು ಸೆಟ್‌ಗಳಲ್ಲೂ ಎದುರಾಳಿಗಳು ಒಟ್ಟೊಟ್ಟಿಗೆ ಐದು, ಆರು, ಏಳು ಪಾಯಿಂಟ್ ಎತ್ತಿದ್ದ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಎದುರಿನವರಿಂದ ಸರ್ವಿಸ್ ನಮ್ಮ ಕೈಗೆ ಬಂದಾಗಲೆಲ್ಲ ಆರೂ ಜನ ಒಂದೊಂದು ಜಾಗ ಸರಿಯುತ್ತಾರಲ್ಲ, ಅಂಥ ಒಂದೊಂದು ನಿಲುವೂ ಒಂದು ಸುತ್ತು. ಗುರುತುಗಳೆಲ್ಲವೂ ನಮ್ಮ ಒಂದೇ ಸುತ್ತಿನಲ್ಲಿದ್ದವು. ಲಿಫ್ಟರ್ 1ನೇ ಜಾಗದಲ್ಲಿ, ಅಂದರೆ ಹಿಂದಿನ ಸಾಲಿನ ಬಲಮೂಲೆಯಲ್ಲಿ ಇದ್ದಾಗ.

ನೀನು ಲಿಫ್ಟರ್, ನಿನಗೆ ಅರ್ಥವಾಗುತ್ತದೆ. ಒಬ್ಬಳೇ ಲಿಫ್ಟರ್, ಐದು ಜನ ಹೊಡೆಯುವವರು ಎಂಬ ಪದ್ಧತಿಯಲ್ಲಿ ಆಡುವಾಗ ಅವಳು 1ರಲ್ಲಿದ್ದರೆ ಅವಳ ಎದುರುಜೋಡಿ 4ರಲ್ಲಿ, ಅಂದರೆ ಮುಂದಿನ ಸಾಲಿನ ಎಡಮೂಲೆಯಲ್ಲಿ ಇರುತ್ತಾಳೆ. ಬಲದಿಂದ ಹೊಡೆದು ಅಭ್ಯಾಸವಿದ್ದವಳು ಎಡದಿಂದ ಹೊಡೆಯಬೇಕು, ಎಡದಿಂದ ಹೊಡೆಯುವವಳು ಬಲಕ್ಕೆ ಬಂದಿರುತ್ತಾಳೆ. ಎದುರಿನವರ ಸರ್ವಿಸ್ ಆಗುವವರೆಗೆ ಜಾಗ ಬದಲಿಸುವಂತಿಲ್ಲ, ಬದಲಿಸಿದರೆ ಓವರ್‌ಲ್ಯಾಪ್ ಫೌಲ್. ಲಿಫ್ಟರ್ ಹಿಂದಿನ ಮೂಲೆಯಿಂದ ನೆಟ್ಟಿನವರೆಗೆ ಓಡಿ ಬರಬೇಕು. ಅಷ್ಟರಲ್ಲಿ ರಿಸೀವ್, ಅಂದರೆ ಸರ್ವಿಸ್ ಚೆಂಡನ್ನು ಎತ್ತುವುದು, ಸ್ವಲ್ಪ ಕೆಟ್ಟರೂ ಚೆಂಡು ಎತ್ತರಕ್ಕೆ ಹಾಕಿ ಎಡಕ್ಕೆ ಕೊಡುವುದೊಂದೇ ದಾರಿ, ಅಲ್ಲಿ ಎದುರಿನವರು ಬ್ಲಾಕ್ ಕಟ್ಟಿಕೊಂಡು ಕಾಯುತ್ತಿರುತ್ತಾರೆ. ನಮ್ಮ ಹುಡುಗಿಯರು ಸೋಲುತ್ತಿದ್ದದ್ದು ಅಟ್ಯಾಕ್ ಇಲ್ಲದ್ದಕ್ಕಲ್ಲ. ಆ ಒಂದು ಸುತ್ತಿನಲ್ಲಿ ಮೊದಲ ಚೆಂಡು ಎತ್ತಲಾಗದ್ದಕ್ಕೆ.

ಮರುವರ್ಷ ನಾನು ಮಾಡಿದ್ದು ಎರಡೇ ಬದಲಾವಣೆ. ಸೆಟ್ ಆರಂಭಕ್ಕೆ ಲಿಫ್ಟರನ್ನು 6ರಲ್ಲಿ, ಅಂದರೆ ಹಿಂದಿನ ಸಾಲಿನ ನಡುವೆ ನಿಲ್ಲಿಸಿದೆ. 6ರಿಂದ 5, 4, 3, 2 ದಾಟಿ 1ಕ್ಕೆ ಬರುವಷ್ಟರಲ್ಲಿ ಸೆಟ್ ಅರ್ಧ ಕಳೆದಿರುತ್ತದೆ, ಹಾಗಾಗಿ ಆ ಕಷ್ಟದ ಸುತ್ತು ಒಂದು ಸೆಟ್ಟಿನಲ್ಲಿ ಆದಷ್ಟು ಕಡಿಮೆ ಸಲ ಬರುತ್ತದೆ. ಎರಡನೆಯದು, ದಿನಾ ಪ್ರಾಕ್ಟೀಸಿನ ಮೊದಲ ನಲವತ್ತು ನಿಮಿಷ ಬರೀ ರಿಸೀವ್, ಅದೂ ಆ ಸುತ್ತಿನಲ್ಲಿ ನಿಲ್ಲುವ ರೀತಿಯಲ್ಲೇ. ಪ್ರತಿ ರಿಸೀವ್‌ಗೆ ಅಂಕ. ಲಿಫ್ಟರ್ ಯಾರಿಗೆ ಬೇಕಾದರೂ ಕೊಡಬಹುದಾದ ಚೆಂಡಿಗೆ 3, ಇಬ್ಬರಿಗೆ ಕೊಡಬಹುದಾದದ್ದಕ್ಕೆ 2, ಎತ್ತರದ ಚೆಂಡೊಂದೇ ಗತಿಯಾದರೆ 1, ನೆಲಕ್ಕೆ ಬಿದ್ದರೆ 0. ಒಬ್ಬಳು ಹುಡುಗಿಯನ್ನು ಬರೆಯಲು ಕೂರಿಸುತ್ತಿದ್ದೆ. ಸರಾಸರಿ 2ರ ಹತ್ತಿರ ಬಂದ ದಿನ ಬೇಗ ಮನೆಗೆ ಬಿಡುತ್ತಿದ್ದೆ. ಆ ವರ್ಷ ಫೈನಲ್ ಆಡಿದೆವು, ಅದೂ ಅದೇ ಅಟ್ಯಾಕರ್‌ಗಳನ್ನು ಇಟ್ಟುಕೊಂಡು.

ಈ ಲೆಕ್ಕ ಇವತ್ತಿನ ಆಟದಲ್ಲಿ ಇನ್ನೂ ಮುಖ್ಯ. ನಾನು ಆಡುತ್ತಿದ್ದ ಕಾಲಕ್ಕೆ ಸೆಟ್ 15ಕ್ಕೆ ಮುಗಿಯುತ್ತಿತ್ತು, ಸರ್ವಿಸ್ ನಮ್ಮ ಕೈಯಲ್ಲಿದ್ದಾಗ ಮಾತ್ರ ಪಾಯಿಂಟ್ ಸಿಗುತ್ತಿತ್ತು. ಒಂದು ತಪ್ಪಿಗೆ ಸರ್ವಿಸ್ ಹೋಗುತ್ತಿತ್ತು ಅಷ್ಟೆ. 1999ರಿಂದ ರ‍್ಯಾಲಿ ಪದ್ಧತಿ ಬಂತು, ಸೆಟ್ 25 ಪಾಯಿಂಟಿನದಾಯಿತು, ಪ್ರತಿ ತಪ್ಪಿಗೂ ಎದುರಿನವರಿಗೆ ಪಾಯಿಂಟ್. ಅದರ ಹಿಂದಿನ ವರ್ಷ ಲಿಬೆರೊ ಬಂದಳು, ರಿಸೀವ್ ಮತ್ತು ಡಿಫೆನ್ಸ್‌ಗೆಂದೇ ಬೇರೆ ಬಣ್ಣದ ಅಂಗಿಯ ಆಟಗಾರ್ತಿ. ನಿನ್ನಂಥ ಎತ್ತರದ ಎಷ್ಟೋ ಹುಡುಗಿಯರಿಗೆ ತಂಡದಲ್ಲಿ ಜಾಗ ಸಿಕ್ಕಿದ್ದು ಆ ಒಂದು ನಿಯಮದಿಂದ. ನನ್ನ ಅತ್ಯುತ್ತಮ ಶಿಷ್ಯೆಯರಲ್ಲಿ ಇಬ್ಬರು ಲಿಬೆರೊಗಳು, ಒಬ್ಬಳು ಆಲೂರಿನವಳು, ಇನ್ನೊಬ್ಬಳು ಅರಸೀಕೆರೆ ಕಡೆಯವಳು. ನಮ್ಮ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಬೆಸ್ಟ್ ಅಟ್ಯಾಕರ್‌ಗೆ ಕಪ್ ಇರುತ್ತದೆ, ಬೆಸ್ಟ್ ಲಿಫ್ಟರ್‌ಗೆ ಇರುತ್ತದೆ, ಸವ್ಯಸಾಚಿ ಆಟಗಾರನಿಗೆ ಇರುತ್ತದೆ. ರಿಸೀವ್ ಮಾಡಿದವರಿಗೆ ಕಪ್ ಕೊಟ್ಟದ್ದನ್ನು ನಾನು ಬಹಳ ಕಡಿಮೆ ಕಂಡಿದ್ದೇನೆ. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಇನ್ನು ನಮ್ಮ ಮಲೆನಾಡಿನ ಕೋಚ್ ಬೇರೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಪಂಚಾಂಗವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮೂಡಿಗೆರೆ, ಸಕಲೇಶಪುರದ ಕಡೆ ಮಣ್ಣಿನ ಅಂಕಣ ಎಂಬುದೇ ಇರುವುದಿಲ್ಲ, ಕೆಸರಿರುತ್ತದೆ. ಒಳಾಂಗಣ ಸಿಕ್ಕದ ಕಾಲೇಜಿನಲ್ಲಿ ನಾನು ವರಾಂಡದಲ್ಲಿ ಗೋಡೆಗೆ ಚೆಂಡು ಹೊಡೆಸಿದ್ದೇನೆ, ಮೆಟ್ಟಿಲು ಹತ್ತಿಸಿದ್ದೇನೆ, ಖಾಲಿ ತರಗತಿಯಲ್ಲಿ ಬೆಂಚು ಸರಿಸಿ ಬೆರಳಲ್ಲಿ ಲಿಫ್ಟ್ ಮಾಡಿಸಿದ್ದೇನೆ. ಹಾಗೆ ಬೆರಳಿನ ಕೆಲಸಕ್ಕೆ ಮಳೆಗಾಲದಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ ಎಂದು ಆಮೇಲೆ ಗೊತ್ತಾಯಿತು. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು. ತೋಟದ ಕೂಲಿಯ ಮನೆಯ ಹುಡುಗಿಯರು ಆ ದಿನಗಳಲ್ಲಿ ಅಮ್ಮನ ಜೊತೆ ಹಣ್ಣು ಕೊಯ್ಯಲು ಹೋಗುತ್ತಾರೆ, ಆ ದುಡ್ಡಿನಲ್ಲೇ ಮನೆಯ ಖರ್ಚು ತೂಗಬೇಕು. ಪ್ರಾಕ್ಟೀಸಿಗೆ ಬಂದಿಲ್ಲವೆಂದು ಅವರ ಹೆಸರು ಹೊಡೆದುಹಾಕುವ ಕೋಚ್ ಒಳ್ಳೆಯ ತಂಡ ಕಳೆದುಕೊಳ್ಳುತ್ತಾನೆ. ಕೊಯ್ಲು ಮುಗಿಸಿ ಬಂದ ಹುಡುಗಿಯರ ಹೆಗಲು, ಬೆರಳು, ತಾಳ್ಮೆ ಮೂರೂ ಗಟ್ಟಿಯಾಗಿರುತ್ತವೆ, ನಾಲ್ಕೇ ದಿನದಲ್ಲಿ ಲಯಕ್ಕೆ ಬರುತ್ತಾರೆ.

ಬಸ್ಸಿನ ವೇಳೆಯೂ ಈ ಪಂಚಾಂಗದ ಭಾಗ. ಊರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದು ಪ್ರತಿ ಹುಡುಗಿಯ ಹೆಸರಿನ ಎದುರಿಗೆ ನನ್ನ ಪುಸ್ತಕದಲ್ಲಿ ಬರೆದಿರುತ್ತಿತ್ತು. ಬೇಲೂರು ಕಡೆಯವರನ್ನು ಮೊದಲು ಆಡಿಸಿ ಕಳಿಸುವುದು, ಹಾಸ್ಟೆಲಿನವರನ್ನು ಕೊನೆಯವರೆಗೆ ಇರಿಸಿಕೊಳ್ಳುವುದು. ಒಂದು ದಿನ ಒಬ್ಬಳಿಗೆ ಬಸ್ಸು ತಪ್ಪಿದರೆ ಮರುದಿನದಿಂದ ಅವಳ ಮನೆಯಲ್ಲಿ ಆಟವೇ ನಿಲ್ಲುತ್ತದೆ. ಚಡ್ಡಿ ಹಾಕಿ ಆಡುವುದಕ್ಕೆ ಮನೆಯವರು ಒಪ್ಪದಿದ್ದಾಗ ಟ್ರ್ಯಾಕ್ ಪ್ಯಾಂಟಿನಲ್ಲೇ ಆಡಿಸಿದ್ದೇನೆ. ಮಗಳ ಹೆಸರು ಪತ್ರಿಕೆಯಲ್ಲಿ ಬಂದ ಮೇಲೆ ಅದೇ ಅಪ್ಪಂದಿರು ಶೂ ಕೊಡಿಸಲು ಪೇಟೆಗೆ ಬಂದದ್ದೂ ಉಂಟು. ಮುಟ್ಟಿನ ದಿನಗಳ ಬಗ್ಗೆ ಮುಜುಗರವಿಲ್ಲದೆ ಮಾತಾಡುವ, ಕಬ್ಬಿಣಾಂಶದ ಕೊರತೆಯಿಂದ ಸುಸ್ತಾದವಳನ್ನು ಸೋಮಾರಿ ಎಂದು ಬೈಯದ ಕೋಚ್ ಈ ಹುಡುಗಿಯರಿಗೆ ಬೇಕು. ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ನನ್ನದೊಂದು ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಆರನೇ ವರ್ಷ. ನನ್ನ ತಂಡದಲ್ಲಿ ಹೊಳೆನರಸೀಪುರ ಕಡೆಯ ಒಬ್ಬಳಿದ್ದಳು, ನಿಂತಲ್ಲಿಂದ ಹಾರಿದರೂ ನೆಟ್ಟಿನ ಮೇಲೆ ಮೊಣಕೈವರೆಗೆ ಕಾಣುವಂಥವಳು. ಆಗ ನಮ್ಮ ಅಂಕಣ ಸಿಮೆಂಟಿನದು. ದಿನಕ್ಕೆ ನೂರರ ಮೇಲೆ ಹಾರಿಸುತ್ತಿದ್ದೆ, ಶೂ ತಳ ಸವೆದದ್ದನ್ನು ನೋಡಲಿಲ್ಲ. ಮಂಡಿಚಿಪ್ಪಿನ ಕೆಳಗೆ ನೋವು ಎಂದಳು, ಬಿಸಿನೀರಿನ ಶಾಖ ಕೊಡು ಎಂದೆ. ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಆಯ್ಕೆ ಹತ್ತಿರವಿತ್ತು, ಬಿಡಿಸಲು ಮನಸ್ಸು ಬರಲಿಲ್ಲ. ಆಯ್ಕೆಯ ದಿನ ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡಳು. ಆಮೇಲೆ ಅವಳು ಮೊದಲಿನಂತೆ ಆಡಲೇ ಇಲ್ಲ. ಮಂಡಿಯ ಆ ಸ್ನಾಯುರಜ್ಜು ಹಾರಿ ಇಳಿಯುವ ಹೊರೆಯಿಂದ ದಿನದಿನವೂ ಸವೆಯುತ್ತದೆ, ಚೇತರಿಸಿಕೊಳ್ಳಲು ಬಿಡುವು ಕೇಳುತ್ತದೆ ಎಂದು ನಾನು ಓದಿದ್ದು ಅದರ ನಂತರ. ಅಂದಿನಿಂದ ಪ್ರತಿ ಹುಡುಗಿಯ ಹಾರಿಕೆಯ ಲೆಕ್ಕ ಇಟ್ಟೆ, ವಾರದಲ್ಲಿ ಎರಡು ದಿನ ಹಾರುವ ಕೆಲಸವೇ ಇಲ್ಲ. ಎರಡೂ ಕಾಲಿನ ಮೇಲೆ ಮೆತ್ತಗೆ ಇಳಿಯುವುದನ್ನು ಹಾರುವುದಕ್ಕಿಂತ ಮೊದಲು ಕಲಿಸಿದೆ. ಅವಳು ಈಗ ಶಾಲಾ ಶಿಕ್ಷಕಿ, ನನ್ನ ಜೊತೆ ಚೆನ್ನಾಗಿದ್ದಾಳೆ. ಅವಳು ಮೆಟ್ಟಿಲು ಇಳಿಯುವಾಗ ನಾನು ಇವತ್ತಿಗೂ ಅವಳ ಮಂಡಿಯನ್ನೇ ನೋಡುತ್ತೇನೆ.

ಕೋಚ್ ಆದ ಮೇಲೆ ಬರುವ ಇನ್ನೊಂದು ನೋವನ್ನೂ ಈಗಲೇ ತಿಳಿದಿರು. ನೀನು ಬೆಳೆಸಿದ ಒಳ್ಳೆಯ ಆಟಗಾರ್ತಿಯನ್ನು ಮೂಡುಬಿದಿರೆ, ಉಜಿರೆ ಕಡೆಯ ಕಾಲೇಜುಗಳು ಉಚಿತ ಸೀಟು, ಹಾಸ್ಟೆಲು, ಊಟ ಕೊಟ್ಟು ಕರೆಯುತ್ತವೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಅರ್ಜಿ ತುಂಬಿಸಿ ಕಳಿಸಿದ್ದೇನೆ. ಅಲ್ಲಿ ಅವಳಿಗೆ ಮರದ ನೆಲ, ದಿನಾ ಮೊಟ್ಟೆ ಹಾಲು, ತನಗಿಂತ ಚೆನ್ನಾಗಿ ಆಡುವ ಹತ್ತು ಜನ ಸಿಗುತ್ತಾರೆ. ನಾನು ಕೊಡಲಾಗುತ್ತಿದ್ದದ್ದು ಒಂದು ಹಿಡಿ ಕಡಲೆಕಾಯಿ, ಒಂದು ಬಾಳೆಹಣ್ಣು.

ಅಪ್ಪನ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಬಿ.ಪಿ.ಎಡ್. ಮುಗಿದರೆ ಶಾಲಾ ದೈಹಿಕ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಬಹುದು, ಅದೇ ಮೊದಲ ಆಸರೆ. ಎಂ.ಪಿ.ಎಡ್. ಮತ್ತು ಸೆಟ್ ಆದರೆ ಕಾಲೇಜು. ಎನ್.ಐ.ಎಸ್. ಡಿಪ್ಲೊಮಾ ಆದರೆ ಕ್ರೀಡಾ ಇಲಾಖೆಯ ಹಾಸ್ಟೆಲುಗಳು, ಖಾಸಗಿ ಶಾಲೆಗಳು, ಅಕಾಡೆಮಿಗಳು. 2022ರಲ್ಲಿ ಶುರುವಾದ ಪ್ರೈಮ್ ವಾಲಿಬಾಲ್ ಲೀಗಿನಲ್ಲಿ ಬೆಂಗಳೂರು ಟಾರ್ಪೆಡೋಸ್ ಸೇರಿದಂತೆ ತಂಡಗಳಿಗೆ ಕೋಚ್‌ಗಳೂ ವಿಡಿಯೊ ವಿಶ್ಲೇಷಕರೂ ಬೇಕಾಗಿದ್ದಾರೆ, ಆದರೆ ಅದು ಪುರುಷರ ಲೀಗು, ಅವಕಾಶವೂ ಬೆರಳೆಣಿಕೆಯದು. ಅದನ್ನು ನಂಬಿ ಮನೆ ಕಟ್ಟುವಂತಿಲ್ಲ. ಒಟ್ಟು ಐದರಿಂದ ಏಳು ವರ್ಷ ನೀನು ಓದುತ್ತಾ, ಕಡಿಮೆ ಸಂಬಳದಲ್ಲಿ ದುಡಿಯುತ್ತಾ ಇರಬೇಕಾದೀತು. ಅಷ್ಟು ಕಾಲ ಮನೆಯವರು ಮದುವೆಯ ಒತ್ತಡ ಹಾಕದೆ ನಿಲ್ಲುತ್ತಾರೆಯೇ ಎಂಬುದನ್ನು ಈಗಲೇ ಕೂತು ಮಾತಾಡು. ಮದುವೆಯಾದ ಮೇಲೂ ಇದು ಬೆಳಗಿನ ಆರು ಗಂಟೆಯ, ಸಂಜೆ ಆರು ಗಂಟೆಯ ಕೆಲಸ. ನನಗೆ ಅತ್ತೆ ಸಹಾಯಕ್ಕಿದ್ದರು, ಮಗುವನ್ನು ಅವರು ನೋಡಿಕೊಳ್ಳದೆ ಇದ್ದಿದ್ದರೆ ನಾನು ಐದನೇ ವರ್ಷಕ್ಕೇ ಸಂಜೆಯ ಪ್ರಾಕ್ಟೀಸು ಬಿಡುತ್ತಿದ್ದೆ.

ಇನ್ನೊಂದು ಸಮಾಧಾನವಿದೆ. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ 25 ವರ್ಷದವರೆಗೆ ಅವಕಾಶವಿದೆ, ಬಿ.ಪಿ.ಎಡ್. ಓದುವಾಗಲೂ ನೀನು ವಿದ್ಯಾರ್ಥಿನಿಯೇ. ಹಾಗಾಗಿ ಆಟವನ್ನು ಈಗಲೇ ಬಿಟ್ಟುಬಿಡಬೇಡ.

ಕಸುಬಿನ ಹಾದಿಗೆ ಮಾತ್ರ ಯಾವ ಪ್ರವೇಶ ಪ್ರಕಟಣೆಗೂ ಕಾಯಬೇಕಿಲ್ಲ. ನಿಮ್ಮ ಊರಿನಲ್ಲಿ ಮಾರ್ಚ್ ಹೊತ್ತಿಗೆ ಕಾಫಿ ಒಣಗಿಸುವ ಕಣ ಖಾಲಿಯಾಗಿರುತ್ತದೆ. ತೋಟದವರನ್ನು ಕೇಳಿಕೊಂಡು ಹೈಸ್ಕೂಲಿನ ಎಂಟು ಹತ್ತು ಹುಡುಗಿಯರನ್ನು ಸೇರಿಸು. ಸುಣ್ಣದಲ್ಲಿ 18 ಮೀಟರ್ ಉದ್ದ, 9 ಮೀಟರ್ ಅಗಲ ಗೆರೆ ಎಳೆ, ಜಾಗ ಸಾಲದಿದ್ದರೆ ಸಣ್ಣದೇ ಇರಲಿ. ಸಿಮೆಂಟಿನ ಕಣವಾದರೆ ಹಾರಿಸಬೇಡ, ರಿಸೀವ್ ಮತ್ತು ಬೆರಳಿನ ಕೆಲಸ ಮಾತ್ರ ಮಾಡಿಸು. ನೆಟ್ ಇಲ್ಲದಿದ್ದರೆ ಹಗ್ಗ ಸಾಕು.

ಅದಕ್ಕೂ ಮೊದಲು ಒಂದು ಕೆಲಸವಿದೆ. ಮುಂದಿನ ಪಂದ್ಯದಲ್ಲಿ ನೀನು ಅಂಕಣದೊಳಗೇ ಇರುತ್ತೀಯ, ಬರೆಯಲಾಗುವುದಿಲ್ಲ. ಬೆಂಚಿನಲ್ಲಿ ಕೂರುವ ಜೂನಿಯರ್ ಒಬ್ಬಳ ಕೈಗೆ ನೋಟ್‌ಬುಕ್ ಕೊಟ್ಟು, ನೀನು 1ರಲ್ಲಿದ್ದಾಗ ಎಷ್ಟು ಪಾಯಿಂಟ್ ಬಂತು, ಎಷ್ಟು ಹೋಯಿತು, 6ರಲ್ಲಿದ್ದಾಗ ಎಷ್ಟು, ಹೀಗೆ ಆರೂ ಸುತ್ತಿಗೆ ಗೀಟು ಹಾಕಲು ಹೇಳು. ಮೂರು ಪಂದ್ಯದ ಹಾಳೆಗಳು ಸೇರಿದ ಮೇಲೆ ನಿನ್ನ ತಂಡ ಎಲ್ಲಿ ಸೋಲುತ್ತಿದೆ ಎಂದು ಒಂದು ಪುಟ ಬರೆದು, ಹಾಳೆಗಳ ಸಮೇತ ನನಗೆ ಕಳಿಸು. ನೋಡಿ, ಒಪ್ಪುವ ಕಡೆ ಒಪ್ಪಿ, ಒಪ್ಪದ ಕಡೆ ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸುತ್ತೇನೆ.